ಉಗುಳಿಗೂ ಕೊರಿಯರ್

(ಬದಿಯಡ್ಕ ಪೇಟೆಯ ಹೋಟ್ಲು. ಸಂಜೆ ಚಾದ ಹೊತ್ತು.)

ಭಟ್ರು: ಬಂತು ಮಾರಾಯ್ರೆ ಡಿಎನ್‌ಎ ರಿಪೋರ್ಟು! 48 ಪುಟ ಉಂಟು. ನನ್ನ ಜೀನ್ಸಲ್ಲಿ ಎಂತೆಲ್ಲಾ ಉಂಟು ಅಂತ ಕೆಂಪು ಹಸಿರು ಬಣ್ಣ ಬಳಿದು ಕಳಿಸಿದ್ದಾರೆ.

ಮಾಷ್ಟ್ರು: ಎಷ್ಟು ಕೊಟ್ರಿ?

ಭಟ್ರು: ಮಗ ಬೆಂಗ್ಳೂರಿಂದ ಬುಕ್ ಮಾಡಿದ್ದು, ರೇಟು ಹೇಳ್ಲಿಲ್ಲ, ಹೇಳದಿದ್ರೇ ಗೊತ್ತಾಗ್ತದಲ್ವಾ. ನಮಗೆ ಕೆಲಸ ಇಷ್ಟೇ, ಟ್ಯೂಬಿಗೆ ಉಗುಳಿ ಕೊರಿಯರ್ ಮಾಡುದು.

ಮಾಷ್ಟ್ರು: ಅಲ್ಲ ಭಟ್ರೇ, ಜನ್ಮ ಇಡೀ ಎಲೆಯಡಿಕೆ ಹಾಕಿ ಊರಿಡೀ ಧರ್ಮಕ್ಕೆ ಉಗುಳಿದ ಜನ ನೀವು. ಈ ಪ್ರಾಯದಲ್ಲಿ ದುಡ್ಡು ಕೊಟ್ಟು ಉಗುಳುವ ಗತಿ ಬಂತಾ?

ಶೆಟ್ರು: ಅರ್ಧ ಗಂಟೆ ಮೊದ್ಲಿಂದ ಬಾಯಿಗೆ ಏನೂ ಹಾಕ್ಲಿಕ್ಕಿಲ್ಲವಂತೆ, ಹೌದಾ?

ಭಟ್ರು: ಅದೇ ಆದದ್ದು ಕಷ್ಟ! ಎಲೆಯಡಿಕೆ ಇಲ್ಲದೆ ಕೂತು ಕೂತು ಬಾಯಿ ಒಣಗಿ ಉಗುಳೇ ಇಲ್ಲ. ಗೆರೆವರೆಗೆ ತುಂಬ್ಬೇಕು, ನೊರೆ ಲೆಕ್ಕಕ್ಕಿಲ್ಲ ಬೇರೆ. ಕಡೆಗೆ ಇವಳು ಮಿಡಿ ಉಪ್ಪಿನಕಾಯಿ ಭರಣಿ ಮುಚ್ಚಳ ತೆಗ್ದು ಮೂಗಿನೆದುರು ಹಿಡಿದ್ಲು, ಆಗ ತುಂಬಿತು ನೋಡಿ.

ಶೆಟ್ರು: ಹಾಗಾದ್ರೆ ಅರ್ಧ ರಿಪೋರ್ಟು ಉಪ್ಪಿನಕಾಯಿದ್ದೇ! ಬಂದದ್ದೆಂತ?

ಭಟ್ರು: ಕೊಲೆಸ್ಟ್ರಾಲ್ ಏರುವ ಪ್ರವೃತ್ತಿ ಉಂಟಂತೆ. ಜೀನ್ಸಲ್ಲಿ ಬಂದದ್ದು, ನಾನೆಂತ ಮಾಡ್ಲಿ? ಏ, ಇನ್ನೊಂದು ಪ್ಲೇಟು ಗೋಳಿಬಜೆ ಕೊಡಪ್ಪಾ.

ಮಾಷ್ಟ್ರು: ಇದಕ್ಕೇ ನನಗೆ ಪಿತ್ತ ನೆತ್ತಿಗೇರುದು. ಮೊದ್ಲು ಹಣೆಬರಹ ಅಂತಿದ್ರಿ, ಅದಕ್ಕೆ ಜಿಎಸ್‌ಟಿಯಾದ್ರೂ ಇರ್ಲಿಲ್ಲ.

ಶೆಟ್ರು: ನಮ್ಮ ಅಜ್ಜ ಮಾತ್ರ ದಿನಾ ತೆಂಗಿನೆಣ್ಣೆ, ಮೀನು, ಹಂದಿ ಎಲ್ಲ ತಿಂದೂ 90 ದಾಟಿದ್ರು ಮಾಷ್ಟ್ರೇ.

ಮಾಷ್ಟ್ರು: ಅವರ ಜಾತಕ ಬೇರೆ ಇದ್ದಿರ್ಬಹುದು. ಕೊಲೆಸ್ಟ್ರಾಲ್ ಬಹುಪಾಲು ನಮ್ಮ ದೇಹವೇ ಮಾಡಿಕೊಳ್ಳುದು, ಹೆಚ್ಚಾದ, ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್‌ನ್ನು ರಕ್ತದಿಂದ ಹಿಡಿದು ಒಳಗೆಳೆಯಲಿಕ್ಕೆ ಲಿವರಿನಲ್ಲಿ ರಿಸೆಪ್ಟರ್ ಅಂತ ಉಂಟು. ಬ್ರೌನ್, ಗೋಲ್ಡ್‌ಸ್ಟೀನ್ ಇಬ್ಬರಿಗೆ 1985ರಲ್ಲಿ ನೊಬೆಲ್ ಬಂದದ್ದು ಅದರ ಲೆಕ್ಕದಲ್ಲೇ. ಮತ್ತೆ ಈ ರಿಸೆಪ್ಟರನ್ನು ಹಾಳು ಮಾಡುವ ಪಿಸಿಎಸ್‌ಕೆ9 ಅಂತ ಒಂದು ಪ್ರೊಟೀನ್, ಕೆಲವರಿಗೆ ಅದರ ಜೀನೇ ಹುಟ್ಟಿನಿಂದ ಕೆಟ್ಟಿರ್ತದೆ, ಅಂಥವರಿಗೆ ಎಲ್‌ಡಿಎಲ್ ಜೀವಮಾನ ಇಡೀ ಕಮ್ಮಿ. ಕೆಟ್ಟು ಉಪಕಾರ ಮಾಡಿದ್ದು ನಾನು ಕೇಳಿದ್ರಲ್ಲಿ ಅದೊಂದೇ.

ಶೆಟ್ರು: ಆದ್ರೆ ತಳಿ ಅಂದ್ಮೇಲೆ ಆಯ್ತಲ್ಲ. ನೀಲೇಶ್ವರದಲ್ಲಿ 1930ರ ದಶಕದಲ್ಲೇ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಬಂಧ ಕೂಡಿಸಿ ಹೈಬ್ರಿಡ್ ಮಾಡಿದ್ರಲ್ಲ.

ಮಾಷ್ಟ್ರು: ಆ ಹೈಬ್ರಿಡ್ಡನ್ನೇ ನೀವು ತಂದು ನೀರು ಗೊಬ್ಬರ ಬಿಡದೆ ಮಿಡಿ ಉದುರ್ತದೆ ಅಂತ ಸೊಸೈಟಿಯಲ್ಲಿ ಜಗಳ ಮಾಡಿದ್ದು ನೆನಪುಂಟಾ? ಅದು ಬಿಡಿ. ಭಟ್ರೇ, ನಿಮ್ಮಲ್ಲಿ ಪ್ರಾಯದಲ್ಲೇ ಹೋದವರು ಯಾರಾದ್ರೂ ಉಂಟಾ?

ಭಟ್ರು: ದೊಡ್ಡಪ್ಪ. 42ಕ್ಕೆ. ತೋಟಕ್ಕೆ ನೀರು ಬಿಡ್ಲಿಕ್ಕೆ ಹೋದವರು ಬರ್ಲೇ ಇಲ್ಲ. ಕಡ್ಡಿ ಹಾಗೆ ಇದ್ರು ಮಾರಾಯ್ರೆ, ಬೀಡಿ ಸಹ ಎಳೀತಿರ್ಲಿಲ್ಲ. ಎಂತದೋ ಸೋಂಕಿದ್ದು ಅಂತ ಎಲ್ಲರೂ ಹೇಳಿದ್ರು.

ಮಾಷ್ಟ್ರು: ಹಿಮ್ಮಡಿಯ ಮೇಲೆ, ಹಿಂದಿನ ಆ ನರ, ದಪ್ಪ ಇತ್ತಾ?

ಭಟ್ರು: ಗಂಟೇ ಇತ್ತು! ಅಡಿಕೆ ಮರ ಹತ್ತಿ ಹತ್ತಿ ಬಂದದ್ದು ಅಂತಿದ್ರು. ನಿಮಗೆ ಹೇಗೆ ಗೊತ್ತು?

ಮಾಷ್ಟ್ರು: ಕೊಲೆಸ್ಟ್ರಾಲ್ ಕೂತು ಹಾಗಾಗುದುಂಟು. ಎಲ್ಲರಿಗೂ ಆಗ್ಲಿಕ್ಕಿಲ್ಲ. ಆ ರಿಸೆಪ್ಟರಿನ ಜೀನು ಅಪ್ಪನಿಂದಲೋ ಅಮ್ಮನಿಂದಲೋ ಒಂದು ಕೆಟ್ಟದ್ದು ಬಂದ್ರೆ ಹುಟ್ಟಿನಿಂದಲೇ ಎಲ್‌ಡಿಎಲ್ ಏರಿ ಕೂತಿರ್ತದೆ, ಪ್ರಾಯದಲ್ಲೇ ಹಾರ್ಟ್ ಅಟ್ಯಾಕ್ ಆಗ್ಬಹುದು, ಸಪುರ ಇದ್ರೂ ಒಂದೇ. ಸುಮಾರು 250 ಜನಕ್ಕೊಬ್ಬರಿಗೆ. ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ. ಅದಕ್ಕೆ ಒಳ್ಳೆ ಮಾತ್ರೆ ಉಂಟು, ಆದ್ರೆ ಗೊತ್ತಾಗ್ಬೇಕಲ್ಲ. ಬರೇ ಹೊಟ್ಟೆಯಲ್ಲಿ ಹೋಗಿ ಇಲ್ಲೇ ಲ್ಯಾಬಲ್ಲಿ ರಕ್ತ ಕೊಟ್ರೆ ಸಾಕು. ಆ 48 ಪುಟದಲ್ಲಿ ಎಲ್ಲಾದ್ರೂ ದೊಡ್ಡಪ್ಪನ ಸುದ್ದಿ ಕೇಳಿದ್ದಾರಾ?

ಭಟ್ರು: ಎಲ್ಲಿ? ಮಗನಿಗೇ ಹೇಳ್ಲಿಲ್ಲ ನಾನು. ಅಜ್ಜಿ ಇರುವಷ್ಟು ಕಾಲ ಮನೆಯಲ್ಲಿ ಅವರ ಹೆಸರು ಎತ್ತುಹಾಗೆ ಇರ್ಲಿಲ್ಲ, ಎತ್ತಿದ್ರೆ ಅವಳು ಎರಡು ದಿನ ಊಟ ಬಿಡ್ತಿದ್ಲು. ಮತ್ತೆ ಹಾಗೇ ಅಭ್ಯಾಸ ಆಯ್ತು. ಫೋಟೋ ಸಹ ಇಲ್ಲ.

ಮಾಷ್ಟ್ರು: ಇವತ್ತು ರಾತ್ರಿ ಫೋನಲ್ಲಿ ಹೇಳಿ. ಅವನೂ ರಕ್ತ ಕೊಡ್ಲಿ, ನೀವೂ ಕೊಡಿ.

ಭಟ್ರು: (ಪಂಚೆ ಎತ್ತಿ ಕಾಲನ್ನು ಬೆಂಚಿನ ಮೇಲಿಟ್ಟು) ನಂದು ಸಪುರ ಉಂಟಲ್ವಾ? ಒಮ್ಮೆ ಒತ್ತಿ ನೋಡಿ ಮಾಷ್ಟ್ರೇ.

ಶೆಟ್ರು: ನಂದೂ ಒಮ್ಮೆ.

ಹೋಟ್ಲಿನವ: ಏ, ಕಾಲು ಕೆಳಗೆ! ಅಲ್ಲಿ ಜನ ಬನ್ಸ್ ತಿನ್ನುದು ಕಾಣುದಿಲ್ವಾ ನಿಮಗೆ?