ಪ್ರಶ್ನೋತ್ತರ: ಪುಸ್ತಕದಲ್ಲಿ ಅರ್ಧ, ಪೈಥಾನ್‌ನಲ್ಲಿ ಸೊನ್ನೆ

ಅಡ್ಮಿನ್: ಬಾಗಲಕೋಟೆಯ ಡಿಗ್ರಿ ಕಾಲೇಜೊಂದರಲ್ಲಿ ಗಣಿತ ಲ್ಯಾಬ್ ನೋಡಿಕೊಳ್ಳುವ ಮೇಡಂ ಇಂದು ಸಂಜೆ ಉತ್ತರ ಕೊಡುತ್ತಾರೆ. ಕಂಪ್ಯೂಟರ್, ಮೊಬೈಲ್ ಬಳಸಿ ಗಣಿತ ಕಲಿಸುವ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ವಿದ್ಯಾರ್ಥಿ, ಜಮಖಂಡಿ: ಮೇಡಂ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೈನ್ 30 ಹಾಕಿದರೆ -0.988 ಬರುತ್ತದೆ. 0.5 ಬರಬೇಕಲ್ವಾ?

ಮೇಡಂ: ಪೈಥಾನ್ ಕೋನವನ್ನು ಡಿಗ್ರಿಯಲ್ಲಿ ಅಲ್ಲ, ರೇಡಿಯನ್ ಎಂಬ ಬೇರೆ ಅಳತೆಯಲ್ಲಿ ತೆಗೆದುಕೊಳ್ಳುತ್ತದೆ. ಡಿಗ್ರಿಯನ್ನು ಪೈಯಿಂದ ಗುಣಿಸಿ, 180ರಿಂದ ಭಾಗಿಸಿ, ಆಮೇಲೆ ಸೈನ್ ಹಾಕಪ್ಪ.

ಉಪನ್ಯಾಸಕ, ಇಂಡಿ: ನಮ್ಮ ಲ್ಯಾಬ್‌ನಲ್ಲಿ ನೆಟ್ ನಿಲ್ಲುವುದೇ ಇಲ್ಲ ರೀ. ಗ್ರಾಫ್, ಆಕೃತಿ ಬಿಡಿಸುವ ಜಿಯೋಜೀಬ್ರಾ ನಡೆಯುತ್ತದಾ?

ಮೇಡಂ: ನಡೆಯುತ್ತದೆ ಸರ್. ಜಿಯೋಜೀಬ್ರಾ ಕ್ಲಾಸಿಕ್ ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿ, ಆಮೇಲೆ ನೆಟ್ ಬೇಕಿಲ್ಲ. ಬೀಜಗಣಿತ ಮಾಡುವ ಮ್ಯಾಕ್ಸಿಮಾ ಸಾಫ್ಟ್‌ವೇರ್ ಕೂಡ ಹಾಗೆಯೇ. ದುಡ್ಡೂ ಇಲ್ಲ.

ಉಪನ್ಯಾಸಕಿ, ಚಿಕ್ಕೋಡಿ: ಮೇಡಂ, 1ರಲ್ಲಿ ಕಾಸ್ ಎಕ್ಸ್ ಕಳೆದು ಎಕ್ಸ್ ವರ್ಗದಿಂದ ಭಾಗಿಸುವ ಲಿಮಿಟ್ ಇದೆಯಲ್ಲ, ಎಕ್ಸ್ ಸೊನ್ನೆಗೆ ಹತ್ತಿರವಾದಂತೆ ಉತ್ತರ ಅರ್ಧಕ್ಕೆ ಹತ್ತಿರವಾಗುತ್ತದೆ, ಲಿಮಿಟ್ ಅರ್ಧ ಅಂತ ಕಲಿಸಿದೆ. ಒಬ್ಬ ಹುಡುಗ ಪೈಥಾನ್‌ನಲ್ಲಿ ಟೇಬಲ್ ಮಾಡಿ ತಂದ. 0.01, 0.0001ಕ್ಕೆ ಎಲ್ಲ ಸರಿ ಇದೆ. 0.00000001ಕ್ಕೆ ನೇರ ಸೊನ್ನೆ! ಲಿಮಿಟ್ ಸೊನ್ನೆ ಅಂತ ಅವನ ವಾದ. ಕ್ಲಾಸೆಲ್ಲ ಅವನ ಕಡೆ.

ಮೇಡಂ: ಇದಕ್ಕೆ ನಿಧಾನವಾಗಿ ಬರೆಯುತ್ತೇನೆ. ಮೊದಲು ಆ ಹುಡುಗನಿಗೆ ಬೈಯಬೇಡಿ. ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾನೆ.

ಲಿಮಿಟ್ ಅರ್ಧವೇ. ಎಡವಟ್ಟಾಗಿರುವುದು ಕಳೆಯುವ ಜಾಗದಲ್ಲಿ. ಪೈಥಾನ್ ದಶಮಾಂಶ ಸಂಖ್ಯೆಯನ್ನು 64 ಬಿಟ್‌ನಲ್ಲಿ ಇಡುತ್ತದೆ. ಅದರಲ್ಲಿ ಹಿಡಿಯುವುದು ಸುಮಾರು 16 ಅಂಕಿ. ಎಕ್ಸ್ 0.00000001 ಇದ್ದಾಗ ಕಾಸ್ ಎಕ್ಸ್‌ನ ಬೆಲೆ 0.99999999999999995. ಪಾಯಿಂಟ್ ಆದಮೇಲೆ 16 ಒಂಬತ್ತು, ನಂತರ ಒಂದು 5. ಅಷ್ಟು ಹಿಡಿಯಲಾಗದೆ ಅದು 1 ಎಂದೇ ಇಟ್ಟುಕೊಳ್ಳುತ್ತದೆ. 1ರಲ್ಲಿ 1 ಹೋದರೆ ಉಳಿಯುವುದೇನು? ಆಮೇಲೆ ಯಾವುದರಿಂದ ಭಾಗಿಸಿದರೂ ಸೊನ್ನೆಯೇ.

ನಾಳೆ ಕ್ಲಾಸಿನಲ್ಲಿ ಹೀಗೆ ಮಾಡಿ. 1ರಲ್ಲಿ ಕಾಸ್ ಎಕ್ಸ್ ಕಳೆಯುವ ಬದಲು 2 ಸೈನ್ ವರ್ಗ (ಎಕ್ಸ್ ಬೈ 2) ಎಂದು ಬರೆಸಿ, ಭಾಗಿಸುವುದು ಎಕ್ಸ್ ವರ್ಗದಿಂದಲೇ. ಪಿಯುಸಿ ಸೂತ್ರವೇ ಅದು. ಇದರಲ್ಲಿ ಕಳೆಯುವ ಕೆಲಸವೇ ಇಲ್ಲ. ಅದೇ 0.00000001 ಹಾಕಿದರೆ 0.5 ಬರುತ್ತದೆ. ಗಣಿತದಲ್ಲಿ ಎರಡೂ ಒಂದೇ, ಯಂತ್ರದಲ್ಲಿ ಒಂದೇ ಅಲ್ಲ. ಹುಡುಗರು ಇದನ್ನು ಕೈಯಾರೆ ಮಾಡಿ ನೋಡಬೇಕು. ಸೊನ್ನೆಯ ಅಕ್ಕಪಕ್ಕ ಹಳೆಯ ರೂಪದ ಗ್ರಾಫ್ ಹಾಕಿಸಿ, ಗರಗಸದ ಹಲ್ಲಿನಂತೆ ಕಾಣುತ್ತದೆ. ಮ್ಯಾಕ್ಸಿಮಾದಲ್ಲಿ ಲಿಮಿಟ್ ಕೇಳಿದರೆ 1/2 ಎಂದೇ ಹೇಳುತ್ತದೆ, ಯಾಕೆಂದರೆ ಅದು ಅಲ್ಲಿ ಅಕ್ಷರಗಳ ಮೇಲೆ ಲೆಕ್ಕ ಮಾಡುತ್ತದೆ, ದಶಮಾಂಶದ ಮೇಲಲ್ಲ.

ನನ್ನ ಚಿಂತೆ ಬೇರೆಯೇ ಇದೆ. ಎಷ್ಟೋ ಹುಡುಗರು ಸ್ಕ್ರೀನ್ ಮೇಲಿನ ಸೊನ್ನೆಯನ್ನು ರೆಕಾರ್ಡ್ ಬುಕ್‌ಗೆ ಇಳಿಸಿ ಸಹಿ ಮಾಡಿಸಿಕೊಂಡು ಹೋಗುತ್ತಾರೆ. ನಿಮ್ಮ ಹುಡುಗ ಜಗಳಕ್ಕೆ ನಿಂತ. ರನ್ ಒತ್ತುವ ಮೊದಲು ಎಷ್ಟು ಬರಬಹುದು ಎಂದು ಪೆನ್ನಿನಲ್ಲಿ ಬರೆಸಿ. ಹಾಗೆ ಬರೆದವನಿಗೆ ಮಾತ್ರ ತಪ್ಪು ಕಾಣುತ್ತದೆ.

ಪಾಲಕರು, ಗೋಕಾಕ: ಮೇಡಂ, ಈ ಮೆಸೇಜ್ ಬಂದಿದೆ. ‘ಲೆಕ್ಕದ ಫೋಟೊ ತೆಗೆಯಿರಿ, ಉತ್ತರ ರೆಡಿ. 100ಕ್ಕೆ 100 ಗ್ಯಾರಂಟಿ. ಕೆಳಗಿನ ಫೈಲ್ ಹಾಕಿಕೊಂಡು 10 ಜನಕ್ಕೆ ಕಳಿಸಿ.’ ಮಗಳಿಗೆ ಹಾಕಿ ಕೊಡಲಾ?

ಮೇಡಂ: ಹಾಕಬೇಡಿ. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಬರುವ ಎಪಿಕೆ ಫೈಲ್ ಅದು. ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕ್ ಒಟಿಪಿ ಬೇರೆಯವರ ಕೈಗೆ ಹೋಗಬಹುದು. ಗಣಿತದ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಯಾಕೆ ಬೇಕು? ಹಾಕಿದ್ದರೆ ಈಗಲೇ ತೆಗೆಯಿರಿ. ಇನ್ನು ಇಂಥದ್ದನ್ನು ಇಲ್ಲಿ ಹಾಕಬೇಡಿ.

ವಿದ್ಯಾರ್ಥಿನಿ, ಮುಧೋಳ: ಮೇಡಂ, ಕಾಸ್ 60 ತಪ್ಪು ಬರ್ತಿದೆ.

ಮೇಡಂ: ರೇಡಿಯನ್. ಮೇಲೆ ಬರೆದಿದ್ದೇನೆ.

ನಿವೃತ್ತ ಪ್ರಾಧ್ಯಾಪಕ, ವಿಜಯಪುರ: ಇದಕ್ಕೇ ನಾನು ಹೇಳುವುದು, ಚಾಕ್‌ಪೀಸ್ ಹಿಡಿದು ಬೋರ್ಡ್ ತುಂಬಿಸಿದರೇನೇ ಗಣಿತ. ಗುಂಡಿ ಒತ್ತಿ ಯಾರೂ ಕಲಿತಿಲ್ಲ.

ಉಪನ್ಯಾಸಕ, ಬೆಳಗಾವಿ: ಸರ್, ಎಂಜಿನಿಯರಿಂಗ್ ಕಾಲೇಜುಗಳ ವಿಟಿಯುದಲ್ಲಿ 2022ರ ಸ್ಕೀಮ್ (ಪಠ್ಯಕ್ರಮ) ಬಂದಮೇಲೆ ಗಣಿತಕ್ಕೂ ಲ್ಯಾಬ್ ಇದೆ. ಬೇಡ ಅಂದರೆ ಹುಡುಗರ ಮಾರ್ಕ್ಸ್ ಯಾರು ಕೊಡ್ತಾರೆ?

ನಿವೃತ್ತ ಪ್ರಾಧ್ಯಾಪಕ, ವಿಜಯಪುರ: ಮಾರ್ಕ್ಸ್ ಬೇರೆ, ಗಣಿತ ಬೇರೆ. ನಿಮ್ಮ ಹುಡುಗರಿಗೆ ಭಾಗಾಕಾರ ಬರುತ್ತದಾ, ಕೇಳಿ ನೋಡಿ.

ಉಪನ್ಯಾಸಕ, ಬೆಳಗಾವಿ: ನೀವು ಕಲಿಸಿದವರೇ ಈಗ ನಮ್ಮ ಸ್ಟಾಫ್ ರೂಮಿನಲ್ಲಿದ್ದಾರೆ. ಮೂರು ಆಯಾಮದ ಮೇಲ್ಮೈಯನ್ನು ಬೋರ್ಡ್ ಮೇಲೆ ಬರೆದು ತಿರುಗಿಸಿ ತೋರಿಸಿ ನೋಡೋಣ.

ನಿವೃತ್ತ ಪ್ರಾಧ್ಯಾಪಕ, ವಿಜಯಪುರ: ಮಾತು ನೋಡಿ ಆಡಪ್ಪ.

ಉಪನ್ಯಾಸಕಿ, ಹುನಗುಂದ: ಲಿಮಿಟ್‌ನ ಎಪ್ಸಿಲಾನ್-ಡೆಲ್ಟಾ ವ್ಯಾಖ್ಯೆ ತೋರಿಸಲು ಜಿಯೋಜೀಬ್ರಾದಲ್ಲಿ ಸ್ಲೈಡರ್ ಹೇಗೆ ಕಟ್ಟಬೇಕು ಮೇಡಂ?

ಉಪನ್ಯಾಸಕ, ಇಂಡಿ: ಇಬ್ಬರೂ ಸುಮ್ನಿರ್ರಿ. ಇಲ್ಲಿ ಕರೆಂಟ್ ಇದ್ದರೆ ಕಂಪ್ಯೂಟರ್, ಹೋದರೆ ಬೋರ್ಡ್. ಎರಡೂ ಬೇಕು.

ಮೇಡಂ: ಪ್ರಶ್ನೆ ಇದ್ದವರು ಕೇಳಿ. ಜಗಳ ಬೇರೆ ಕಡೆ ಮಾಡಿ.

ವಿದ್ಯಾರ್ಥಿ, ರಬಕವಿ: ಟ್ಯಾನ್ 45ಕ್ಕೆ 1 ಬರ್ತಿಲ್ಲ ಮೇಡಂ

ಮೇಡಂ: ಮೇಲೆ ಓದು.

ಉಪನ್ಯಾಸಕಿ, ಚಿಕ್ಕೋಡಿ: ಮೇಡಂ, ಈಗಲೇ ಮನೆಯಲ್ಲಿ ಮಾಡಿ ನೋಡಿದೆ. ಸೈನ್ ರೂಪದಲ್ಲಿ 0.5 ಬಂತು. ಆದರೆ ಹಳೆಯ ರೂಪದಲ್ಲಿ 0.0000001 ಹಾಕಿದರೆ 0.4996 ಬರುತ್ತದೆ. ಸೊನ್ನೆಯೂ ಅಲ್ಲ, ಅರ್ಧವೂ ಅಲ್ಲ.

ಮೇಡಂ: ನೋಡಿ, ಅಂಕಿಗಳು ಅಲ್ಲಿಂದಲೇ ಉದುರಲು ಶುರುವಾಗಿವೆ. ಕಳೆದಮೇಲೆ ನಂಬುವಂಥ ಅಂಕಿ ಒಂದೋ ಎರಡೋ ಉಳಿದಿವೆ, ಮುಂದಿನ ಹೆಜ್ಜೆಗೆ ಒಂದೂ ಇಲ್ಲ. ಆ ಸಾಲನ್ನು ಟೇಬಲ್‌ನಿಂದ ಅಳಿಸಬೇಡಿ. ಅಲ್ಲಿಂದಲೇ ಪಾಠ ಶುರು ಮಾಡಿ.