ಹೊಸ ಕ್ರೇಫಿಶ್ ಪ್ರಭೇದ: ಎರಡನೇ ರೂಪದ ಗಂಡುಗಳಷ್ಟೇ ಸಿಕ್ಕಿದ್ದರೆ ವಿವರಣೆ ಬರೆಯಬಹುದೇ?

ಪ್ರಶ್ನೆ
ಕ್ಯಾಂಬಾರಸ್ ಕುಲದ್ದೆಂದು ಕಾಣುವ ಕ್ರೇಫಿಶ್ (ಸೀಗಡಿಯಂಥ ಸಿಹಿನೀರಿನ ಜೀವಿ) ಒಂದೇ ಹೊಳೆಯಲ್ಲಿ ಸಿಕ್ಕಿದೆ: ಎರಡನೇ ರೂಪದ, ಅಂದರೆ ಕೂಡುವ ಹಂತದಲ್ಲಿಲ್ಲದ 6 ಗಂಡು, ಜೊತೆಗೆ 4 ಹೆಣ್ಣು. ಸಿಒಐ ಜೀನ್ (ಪ್ರಭೇದ ಗುರುತಿಸಲು ಬಳಸುವ, ಮೈಟೊಕಾಂಡ್ರಿಯದ ಜೀನ್) ಹತ್ತಿರದ ಪ್ರಭೇದಕ್ಕಿಂತ 5% ಬೇರೆ, ಬಣ್ಣವೂ ಬೇರೆ. ಇಷ್ಟರಲ್ಲೇ ಹೆಸರಿಡಬಹುದೇ?

ಉತ್ತರ 1
ಈಗಲೇ ಬೇಡ. ಕ್ಯಾಂಬಾರಸ್ ಸೇರುವ ಕ್ಯಾಂಬಾರಿಡೇ ಕುಟುಂಬದಲ್ಲಿ ಮುಖ್ಯ ಗುರುತು ಸಿಗುವುದು ಮೊದಲನೇ ರೂಪದ, ಅಂದರೆ ಕೂಡಲು ಸಿದ್ಧವಾದ ಗಂಡಿನ ಗೊನೊಪಾಡ್‌ನಲ್ಲಿ. ಹೊಟ್ಟೆಯಡಿಯ ಮೊದಲ ಜೋಡಿ ಈಜುಗಾಲು ಅದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುದಿ ಗಟ್ಟಿಯಾಗಿ, ಚೂಪಾಗಿ, ಹಳದಿ-ಕಂದಾಗಿರುತ್ತದೆ. ಎರಡನೇ ರೂಪದಲ್ಲಿ ಅದೇ ತುದಿ ಮೊಂಡು, ಮೆತ್ತಗೆ. ಆ ರೂಪದಲ್ಲಿ ಹತ್ತಿರದ ಪ್ರಭೇದಗಳೆಲ್ಲ ಒಂದೇ ಥರ ಕಾಣುತ್ತವೆ. ಬೇರೆ ಋತುವಿನಲ್ಲಿ ಅದೇ ಹೊಳೆಯಲ್ಲಿ ಹುಡುಕಿ, ಇಲ್ಲವೇ ಅನುಮತಿ ಪಡೆದು ಗಂಡುಗಳನ್ನು ಪೊರೆ ಕಳಚಿ ಮೊದಲನೇ ರೂಪಕ್ಕೆ ಬರುವವರೆಗೆ ತೊಟ್ಟಿಯಲ್ಲಿ ಸಾಕಿ. ಮೊದಲನೇ ರೂಪದ ಗಂಡು ಹೋಲೋಟೈಪ್ (ಹೆಸರಿಗೆ ಆಧಾರವಾಗುವ ಒಂದೇ ಮಾದರಿ), ಹೆಣ್ಣು ಅಲೋಟೈಪ್, ಎರಡನೇ ರೂಪದ ಗಂಡು ಮಾರ್ಫೋಟೈಪ್ ಎನ್ನುವುದು ವಾಡಿಕೆ.

ಕೆರಾಕ್ಸ್ ಕುಲ ಸೇರುವ ಪ್ಯಾರಾಸ್ಟಾಸಿಡೇ ಎಂಬ ಇನ್ನೊಂದು ಕ್ರೇಫಿಶ್ ಕುಟುಂಬಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅವಕ್ಕೆ ಆ ಮೊದಲ ಜೋಡಿಯೇ ಇಲ್ಲ.

ಉತ್ತರ 2
5% ಎಂಬ ಅಂಕಿಯನ್ನೇ ನಂಬಬೇಡಿ. ಕ್ರೇಫಿಶ್‌ಗಳಲ್ಲಿ ಮೈಟೊಕಾಂಡ್ರಿಯದ ಜೀನಿನ ಹಳೆಯ ನಕಲುಗಳು ಕೋಶಕೇಂದ್ರದ ಡಿಎನ್‌ಎಯಲ್ಲಿ ಸೇರಿಕೊಂಡಿರುತ್ತವೆ, ಪಿಸಿಆರ್ (ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಅವನ್ನೂ ಎತ್ತಿಕೊಳ್ಳುತ್ತದೆ. ಅನುಕ್ರಮದ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ತಯಾರಿಯನ್ನು ನಿಲ್ಲಿಸುವ ಸಂಕೇತ) ಅಥವಾ ಅನುಕ್ರಮದ ನಕ್ಷೆಯಲ್ಲಿ ಒಂದೇ ಜಾಗದಲ್ಲಿ ಜೋಡಿ ಶಿಖರಗಳಿದ್ದರೆ ಅನುಮಾನಪಡಿ. ಇವು ಕಾಣಲಿಲ್ಲವೆಂದ ಮಾತ್ರಕ್ಕೆ ನಿರಾಳರಾಗಬೇಡಿ. 16ಎಸ್ (ಮೈಟೊಕಾಂಡ್ರಿಯದ ಇನ್ನೊಂದು ಜೀನ್) ಮತ್ತು ಕೋಶಕೇಂದ್ರದ ಒಂದು ಜೀನ್ ಸೇರಿಸಿ. ಅದಕ್ಕಿಂತ ಮುಖ್ಯವಾಗಿ, ಹತ್ತಿರದ ಪ್ರಭೇದದ ಮೂಲ ನೆಲೆಯಿಂದಲೂ ನಡುವಿನ ಹೊಳೆಗಳಿಂದಲೂ ಮಾದರಿ ತನ್ನಿ. ಇಲ್ಲದಿದ್ದರೆ ಒಂದೇ ಪ್ರಭೇದದ ಎರಡು ತುದಿಗಳನ್ನು ಹೋಲಿಸಿದಂತಾಗುತ್ತದೆ.

ಉತ್ತರ 3
ಅಳತೆಗೆ ಮುನ್ನ ಕೊಂಡಿಗಳನ್ನು (ಇಕ್ಕಳದಂಥ ಮುಂಗಾಲುಗಳನ್ನು) ನೋಡಿ. ಮುರಿದು ಮತ್ತೆ ಬೆಳೆದ ಕೊಂಡಿ ಸಪೂರ, ಅದರ ಗುಬುಟುಗಳೂ ಕಡಿಮೆ. ಅದನ್ನು ಲೆಕ್ಕಕ್ಕೆ ಸೇರಿಸಿದರೆ ಅನುಪಾತವೆಲ್ಲ ಕೆಡುತ್ತದೆ. ಎಥೆನಾಲ್‌ನಲ್ಲಿ ಬಣ್ಣ ಹೋಗುತ್ತದೆ, ಹಾಗಾಗಿ ಜೀವಂತವಿದ್ದಾಗಲೇ ಫೋಟೊ ತೆಗೆಯಿರಿ.

ಹೋಲೋಟೈಪನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ಗುರುತಿಸಿ, ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ಬರೆಯಲೇಬೇಕು. ಆನ್‌ಲೈನ್‌ನಲ್ಲಷ್ಟೇ ಪ್ರಕಟವಾಗುವುದಾದರೆ ಮೊದಲೇ ಜೂಬ್ಯಾಂಕ್‌ನಲ್ಲಿ (ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ನೋಂದಣಿ) ನೋಂದಾಯಿಸಿ, ಅದರ ಪುರಾವೆ ಪ್ರಬಂಧದಲ್ಲೇ ಇರಲಿ. 2012ರಿಂದ ಇದೇ ನಿಯಮ; ತಪ್ಪಿದರೆ ಹೆಸರು ಊರ್ಜಿತವಾಗದು.

ಪ್ರಶ್ನೆ ಕೇಳಿದವರು
ಧನ್ಯವಾದ. ಹೋಲೋಟೈಪ್‌ನಿಂದಲೇ ಡಿಎನ್‌ಎ ತೆಗೆಯಬಹುದೇ?

ಉತ್ತರ 2
ತೆಗೆಯಲೇಬೇಕು ಅನ್ನುತ್ತೇನೆ. ಕೊಂಡಿ, ಗೊನೊಪಾಡ್ ಮುಟ್ಟದೆ ಒಂದು ನಡೆಗಾಲು ಕತ್ತರಿಸಿ 95% ಎಥೆನಾಲ್‌ಗೆ ಹಾಕಿ, ಉಳಿದ ದೇಹಕ್ಕೆ 70% ಸಾಕು. ಎರಡೂ ಬಾಟಲಿಯ ಒಳಗೆ ಒಂದೇ ಸಂಖ್ಯೆಯ ಚೀಟಿ ಇರಲಿ, ಪೆನ್ಸಿಲ್‌ನಲ್ಲಿ ಬರೆದದ್ದು.