ಗಡಿ ಕಾವಲು, ಗಡಿ ನಿಗಾ: ಎರಡೂ ಒಂದೇನಾ?

ಜಾರ್ಜಿಯಾದ ಗಡಿ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಮೆರಿಕದ ರಾಜ್ಯ ಅಲ್ಲ, ಕಾಕಸಸ್ ಬೆಟ್ಟಸಾಲಿನ ಪುಟ್ಟ ದೇಶ. ‘ಗಡಿ ಕಾವಲಿಗೆ ವಿದೇಶಿ ನೆರವು’ ಅಂತ ಬರೆದು ಮುಂದೆ ಹೋಗೋಣ ಅಂದರೆ ಮನಸ್ಸು ಒಪ್ಪುತ್ತಿಲ್ಲ. ಈ ನಾಲ್ಕು ಪದದೊಳಗೆ ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ.

ಹಿನ್ನೆಲೆ ಇಷ್ಟು. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ದೇಶ ಸ್ವತಂತ್ರವಾದ ಮೇಲೂ ಅದರ ಗಡಿಯಲ್ಲಿ ನಿಂತಿದ್ದವರು ರಷ್ಯಾದ ಗಡಿ ಪಡೆಯವರು, ಟರ್ಕಿ ಕಡೆಯ ಗಡಿಯಲ್ಲೂ ಅವರೇ. 1999ರಲ್ಲಿ ಅವರು ಹೊರಟರು. ಜಾರ್ಜಿಯಾದ ಹತ್ತಿರ ದುಡ್ಡೂ ಇಲ್ಲ, ಸಾಮಾನೂ ಇಲ್ಲ. ಅಮೆರಿಕ ವಾಹನ, ರೇಡಿಯೋ, ಸಮವಸ್ತ್ರ, ಗಸ್ತು ದೋಣಿ ಕೊಟ್ಟಿತು, ತರಬೇತಿಯನ್ನೂ ಕೊಟ್ಟಿತು. ಇಲ್ಲಿವರೆಗೆ ‘ನೆರವು’ ಸರಿ. ಕಾಯುವವರು ಜಾರ್ಜಿಯಾದವರೇ, ಸಾಮಾನು ಮಾತ್ರ ಹೊರಗಿನದು.

ತೊಡಕು ಇರುವುದು ಇದರ ಮುಂದೆ. ಅದೇ 1999ರ ಡಿಸೆಂಬರ್‌ನಲ್ಲಿ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆ, ಅಂದರೆ ಓಎಸ್‌ಸಿಇ, ರಷ್ಯಾದೊಳಗಿನ ಚೆಚೆನ್ಯಾ ಪ್ರಾಂತ್ಯದ ಕಡೆಯ ಗಡಿಗೆ ತನ್ನ ಜನರನ್ನು ಕಳಿಸಿತು. ಆಮೇಲೆ ಅದರ ಅಕ್ಕಪಕ್ಕದ ರಷ್ಯಾದ ಪ್ರಾಂತ್ಯಗಳಾದ ಇಂಗುಷೆತಿಯಾ, ದಾಗೆಸ್ತಾನ್ ಕಡೆಯ ಗಡಿಯೂ ಸೇರಿತು. ಶಾತಿಲಿ ಅಂತ ಹಳೇ ಕಲ್ಲುಗೋಪುರಗಳ ಒಂದು ಹಳ್ಳಿ ಇದೆ, ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುವಂಥ ಜಾಗ. ಅಲ್ಲಿದ್ದ ಓಎಸ್‌ಸಿಇಯವರ ಕೈಯಲ್ಲಿ ಬಂದೂಕು ಇರಲಿಲ್ಲ, ದುರ್ಬೀನು ಇತ್ತು. ಯಾರಾದರೂ ಗಡಿ ದಾಟಿದ್ದು ಕಂಡರೆ ವರದಿ ಕಳಿಸಬೇಕು, ಅಷ್ಟೇ. ತಡೆಯುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ.

ಇವರು ಗಡಿ ‘ಕಾಯುತ್ತಿದ್ದರು’ ಅನ್ನಬಹುದಾ? ನನ್ನ ಕಿವಿಗೆ ಕಾಯುವುದು ಅಂದರೆ ಬಂದವನನ್ನು ತಡೆಯುವುದೂ ಸೇರಿದೆ. ಹೊಲ ಕಾಯುವವನು ಹಂದಿ ನುಗ್ಗಿದ್ದನ್ನು ಬರೆದಿಟ್ಟುಕೊಂಡು ಸುಮ್ನೆ ಕೂರುವುದಿಲ್ಲ. ‘ಪಹರೆ’ಯೂ ಹಾಗೇ, ‘ಗಸ್ತು’ ಸ್ವಲ್ಪ ಸಡಿಲ. ‘ಕಾಯು’ಗೆ ಇನ್ನೊಂದು ಅರ್ಥವೂ ಇದೆಯಲ್ಲ, ‘ಗಡಿಯಲ್ಲಿ ಕಾಯುತ್ತಿದ್ದಾರೆ’ ಅಂದರೆ ದಾಟಲು ಸಾಲಲ್ಲಿ ನಿಂತಿದ್ದಾರೆ ಅಂತಲೂ ಆಗುತ್ತದೆ.

ಮಾನಿಟರಿಂಗ್ ಅನ್ನುವುದಕ್ಕೆ ಸಿಗುವ ಪದಗಳಲ್ಲಿ ಒಂದೊಂದಕ್ಕೂ ಒಂದು ಕೊಂಕು. ‘ಮೇಲ್ವಿಚಾರಣೆ’ಯಲ್ಲಿ ಯಜಮಾನಿಕೆ ಇದೆ. ‘ಉಸ್ತುವಾರಿ’ಯಲ್ಲಿ ಹೊಣೆ ಜಾಸ್ತಿ, ಉಸ್ತುವಾರಿ ಸಚಿವರು ಅನ್ನುತ್ತೇವಲ್ಲ. ‘ವೀಕ್ಷಣೆ’ ಅಂದರೆ ಬೆಟ್ಟ ನೋಡಲು ಹೋದ ಹಾಗೆ ಕೇಳುತ್ತದೆ. ಉಳಿದದ್ದು ‘ನಿಗಾ’. ನನಗೆ ಇದೇ ಹಿಡಿಸಿದೆ, ಕಣ್ಣಿಡುವುದು ಇದೆ, ಕೈ ಹಾಕುವುದು ಇಲ್ಲ. ಆದರೆ ಆಸ್ಪತ್ರೆಯ ‘ತೀವ್ರ ನಿಗಾ ಘಟಕ’ ನೆನಪಾದಾಗ ಅನುಮಾನ ಬರುತ್ತದೆ, ಅಲ್ಲಿ ಬರೀ ನೋಡುತ್ತಾ ಕೂತರೆ ನಡೆಯುವುದಿಲ್ಲ ಅಲ್ವಾ?

ಈ ವ್ಯತ್ಯಾಸ ಬರಹಕ್ಕೆ ಬೇಕೇ ಬೇಕು. ಓಎಸ್‌ಸಿಇಯಲ್ಲಿ ಎಲ್ಲ ದೇಶಗಳೂ ಒಪ್ಪಿದರೆ ಮಾತ್ರ ಕೆಲಸ ಮುಂದುವರಿಯುತ್ತದೆ. 2004ರ ಕೊನೆಗೆ ರಷ್ಯಾ ಒಪ್ಪಲಿಲ್ಲ, ನಿಗಾ ನಿಂತುಹೋಯಿತು. 2005ರಲ್ಲಿ ಅದೇ ಸಂಸ್ಥೆ ಜಾರ್ಜಿಯಾದ ಗಡಿ ಪಡೆಗೆ ತರಬೇತಿ ಶುರುಮಾಡಿತು. ಮೊದಲನೆಯದಕ್ಕೂ ‘ಕಾವಲು ನೆರವು’, ಎರಡನೆಯದಕ್ಕೂ ‘ಕಾವಲು ನೆರವು’ ಅಂತ ಬರೆದರೆ ನಿಂತದ್ದು ಏನು, ಶುರುವಾದದ್ದು ಏನು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ಇನ್ನು ‘ಗಡಿ’ ಪದದ್ದೇ ಒಂದು ರಗಳೆ. ರಷ್ಯಾ ಜೊತೆಗಿನ 2008ರ ಯುದ್ಧದ ನಂತರ, ಅಕ್ಟೋಬರ್‌ನಿಂದ, ಐರೋಪ್ಯ ಒಕ್ಕೂಟದ ನಿಗಾ ತಂಡ ಅಲ್ಲಿದೆ, ಅವರ ಕೈಯಲ್ಲೂ ಆಯುಧ ಇಲ್ಲ. ಜಾರ್ಜಿಯಾದ ಹಿಡಿತದಿಂದ ತಪ್ಪಿಹೋಗಿರುವ ಅಬ್ಖಾಜಿಯಾ, ದಕ್ಷಿಣ ಒಸ್ಸೆತಿಯಾ ಒಳಗೆ ಅವರನ್ನು ಬಿಡುವುದಿಲ್ಲ. ಆ ಎರಡೂ ತನ್ನದೇ ನೆಲ ಅನ್ನುವ ಜಾರ್ಜಿಯಾ ನಡುವಿನ ಗೆರೆಯನ್ನು ಗಡಿ ಅಂತ ಕರೆಯುವುದೇ ಇಲ್ಲ, ಒಕ್ಕೂಟವೂ ಕರೆಯುವುದಿಲ್ಲ. ಅವೆರಡೂ ಸ್ವತಂತ್ರ ದೇಶಗಳು ಅನ್ನುವ ರಷ್ಯಾಕ್ಕೆ ಅದು ಗಡಿಯೇ. ಆ ಗೆರೆ ಹಾದುಹೋಗುವ ಖುರ್ವಾಲೇತಿ ಹಳ್ಳಿಯಲ್ಲಿ ಮುಳ್ಳುತಂತಿ ಬೇಲಿ ಊರನ್ನೇ ಸೀಳಿಕೊಂಡು ಹೋಗಿದೆ. ಆ ಗೆರೆಗೆ ಜಾರ್ಜಿಯಾ ಮತ್ತು ಒಕ್ಕೂಟ ಬಳಸುವ ‘ಅಡ್ಮಿನಿಸ್ಟ್ರೇಟಿವ್ ಬೌಂಡರಿ ಲೈನ್’ ಅನ್ನುವ ಹೆಸರನ್ನು ‘ಆಡಳಿತಾತ್ಮಕ ಗಡಿ ರೇಖೆ’ ಅಂತ ಕನ್ನಡಿಸಿದರೆ, ಯಾವ ಪದ ಬೇಡ ಅಂತ ಅವರು ಅಷ್ಟು ಹಟ ಹಿಡಿದಿದ್ದಾರೋ ಅದನ್ನೇ ನಾವು ತೂರಿಸಿದ ಹಾಗಾಯಿತು!

ನನಗೆ ಹೊಳೆದದ್ದು ‘ಸರಹದ್ದು’. ದೇಶದ ಅಂಚಿಗೂ ಬಳಸುತ್ತೇವೆ ನಿಜ, ಆದರೆ ಪೊಲೀಸ್ ಠಾಣೆಯ ಸರಹದ್ದು ಅನ್ನುವಾಗ ಅದು ದೇಶದೊಳಗಿನ ಹಂಚಿಕೆಯೇ. ‘ಆಡಳಿತ ಸರಹದ್ದು’ ಅಂದರೆ ಜಾರ್ಜಿಯಾದವರ ಮಾತಿಗೆ ಹತ್ತಿರವಾಗುತ್ತದೆ ಅನಿಸುತ್ತದೆ. ‘ಎಲ್ಲೆ’ ಚೆನ್ನಾಗಿದೆ, ಆದರೆ ‘ಎಲ್ಲೆ ಮೀರಿದ’ ಅಂತ ಬರೆದ ಕೂಡಲೇ ಬೇರೇನೋ ಅರ್ಥ ಬಂದುಬಿಡುತ್ತದೆ.

ಸದ್ಯಕ್ಕೆ ತಡೆಯುವವರಿಗೆ ಕಾವಲು, ನೋಡುವವರಿಗೆ ನಿಗಾ, ಆ ಗೆರೆಗೆ ಆಡಳಿತ ಸರಹದ್ದು ಅಂತ ಇಟ್ಟುಕೊಂಡಿದ್ದೇನೆ. ನಿಗಾ ಮಾಡುವ ವ್ಯಕ್ತಿಗೆ ಏನನ್ನಬೇಕು ಅನ್ನುವುದು ಮಾತ್ರ ಬಗೆಹರಿದಿಲ್ಲ. ‘ನಿಗಾಗಾರ’ ನಾಲಿಗೆಗೆ ಒಗ್ಗುತ್ತಿಲ್ಲ, ‘ವೀಕ್ಷಕ’ ಅಂದರೆ ಟಿವಿ ಮುಂದೆ ಕೂತವರು ಕಣ್ಣಿಗೆ ಬರುತ್ತಾರೆ. ನಿಮ್ಮ ಕಡೆ ಬಳಕೆಯಲ್ಲಿರುವ ಪದ ಏನಾದರೂ ಇದ್ದರೆ ತಿಳಿಸಿ.